ಸವೆದ ತಟ್ಟೆ, ಸಡಿಲ ನಟ್ಟು

ಡಿಸ್ಕ್ ಹ್ಯಾರೋ ಹೇಗಿದೆ ಎಂದು ತಿಳಿಯಲು ಕಣ್ಣಿಗಿಂತ ಮೊದಲು ಕಿವಿ ಬೇಕು. ಯಂತ್ರವನ್ನು ನೆಲದಿಂದ ಎತ್ತಿ, ಚೌಕಟ್ಟಿನ ಕೆಳಗೆ ಗಟ್ಟಿ ದಿಮ್ಮಿ ಕೊಟ್ಟು, ಸಾಲಾಗಿ ನಿಂತ ಉಕ್ಕಿನ ತಟ್ಟೆಗಳನ್ನು ಸಣ್ಣ ಸುತ್ತಿಗೆಯಿಂದ ಒಂದೊಂದಾಗಿ ಬಡಿಯುತ್ತ ಹೋದರೆ ಬಿಗಿಯಾಗಿ ಕೂತ ತಟ್ಟೆ ಠಣ್ಣೆನ್ನುತ್ತದೆ. ನಡುವೆ ಯಾವುದಾದರೂ ಒಂದು ಡಬ್ಬೆಂದರೆ ಅದು ಬಿರುಕು ಬಿಟ್ಟಿರಬೇಕು, ಇಲ್ಲವೇ ಅಚ್ಚಿನ ಮೇಲೆ ಸಡಿಲವಾಗಿರಬೇಕು. ದಕ್ಷಿಣ ಕ್ಯಾಲಿಫೋರ್ನಿಯಾದ ರೈತರಿಗೆ ಈ ಪರೀಕ್ಷೆ ತುರ್ತಿನದು: ಅಲ್ಲಿ ಮಳೆ ಬರುವುದು ಚಳಿಗಾಲದಲ್ಲಿ. ಮಾರ್ಚ್ ಕಳೆದು ಮಳೆ ಹಿಂದೆ ಸರಿದ ಮೇಲೆ ಹುಲ್ಲು ಒಣಗುವುದಕ್ಕೆ ಹೆಚ್ಚು ದಿನ ಬೇಕಿಲ್ಲ. ಆ ನಡುವಿನ ಹದದಲ್ಲಿ ಹೊಲ ಹಸನು ಮಾಡಿಕೊಳ್ಳಬೇಕು. ಆ ಹೊತ್ತಿಗೆ ಅಚ್ಚು ಮುರಿದರೆ ಹದ ಕಾಯುವುದಿಲ್ಲ. ಹಾಗಾಗಿ ಹೊಲಕ್ಕಿಳಿಯುವ ಮುಂಚೆ ಸುತ್ತಿಗೆ ಹಿಡಿದು ಒಂದು ಸುತ್ತು ಬರುವುದು ಬಲ್ಲವರ ಪದ್ಧತಿ.

ನೋಡಲು ಇದು ಸರಳ ಯಂತ್ರ. ಬಾಣಲೆಯಂತೆ ಒಳಬಾಗಿದ ತಟ್ಟೆಗಳು, ಪ್ರತಿ ತಟ್ಟೆಯ ನಡುಮಧ್ಯೆ ಚೌಕ ತೂತು, ಆ ತೂತುಗಳಲ್ಲಿ ತೂರಿದ ಚೌಕ ಅಚ್ಚು. ಎರಡು ತಟ್ಟೆಗಳ ನಡುವೆ ಅಂತರ ಕಾಯುವುದಕ್ಕೆ ಎರಕದ ಕಬ್ಬಿಣದ ಸ್ಪೂಲು, ಅಲ್ಲಲ್ಲಿ ಬೇರಿಂಗು, ತುದಿಯಲ್ಲಿ ಒಂದು ದಪ್ಪ ನಟ್ಟು. ಇಷ್ಟೂ ಸೇರಿದರೆ ಒಂದು ಗ್ಯಾಂಗ್. ಈ ಗ್ಯಾಂಗನ್ನು ಎಳೆಯುವ ದಿಕ್ಕಿಗೆ ಕೊಂಚ ಓರೆಯಾಗಿ ಕಟ್ಟಿರುತ್ತಾರೆ. ಓರೆ ಹೆಚ್ಚಿದಷ್ಟೂ ತಟ್ಟೆ ಹೆಚ್ಚು ಮಣ್ಣು ಹಿಡಿಯುತ್ತದೆ. ನೇಗಿಲು ಮಣ್ಣನ್ನು ಸೀಳಿಕೊಂಡು ಹೋದರೆ ಇದು ಉರುಳುತ್ತ ಕತ್ತರಿಸುತ್ತದೆ, ಎತ್ತುತ್ತದೆ, ಮಗುಚುತ್ತದೆ; ಕಳೆಯನ್ನೂ ಕೂಳೆಯನ್ನೂ ತುಂಡರಿಸಿ ಮಣ್ಣಿನೊಳಗೆ ಸೇರಿಸುತ್ತದೆ. ಕರ್ನಾಟಕದ ಹೊಲಗಳಲ್ಲಿ ಟ್ರ್ಯಾಕ್ಟರಿನ ಹಿಂದೆ ಕಲ್ಟಿವೇಟರ್, ರೋಟವೇಟರ್‌ಗಳ ಜೊತೆ ಇದೂ ಪರಿಚಿತವೇ.

ದಕ್ಷಿಣ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೋ ಕೌಂಟಿ ಚಿಕ್ಕ ಹಿಡುವಳಿಗಳ ಸೀಮೆ. ಅಲ್ಲಿನ ಹೆಚ್ಚಿನ ತೋಟ ಹೊಲಗಳು 10 ಎಕರೆಗಿಂತ ಕಡಿಮೆ. ಫಾಲ್‌ಬ್ರೂಕ್, ವ್ಯಾಲಿ ಸೆಂಟರ್ ಕಡೆಯ ಗುಡ್ಡಗಳಲ್ಲಿ ಬೆಣ್ಣೆಹಣ್ಣು ಮತ್ತು ನಿಂಬೆ ಜಾತಿಯ ತೋಟಗಳು, ರಮೋನಾದ ಬಯಲಿನಲ್ಲಿ ಹುಲ್ಲುಗಾವಲು. ಇಷ್ಟು ಚಿಕ್ಕ ಹಿಡುವಳಿಗೆ ಹೊಸ ಹ್ಯಾರೋ ಕೊಳ್ಳುವುದು ಗಿಟ್ಟುವುದಿಲ್ಲ. ಯಾರೋ ಮಾರಿದ ಹಳೆಯದನ್ನು ತಂದು ರಿಪೇರಿ ಮಾಡಿಕೊಳ್ಳುವುದೇ ದಾರಿ. ಇಂಥ ಕಡೆ ರಿಪೇರಿ ಎಂದರೆ ಸಾಗುವಳಿಯದೇ ಒಂದು ಭಾಗ. ಬಿತ್ತನೆ, ನೀರು, ಗೊಬ್ಬರದಷ್ಟೇ ಅದಕ್ಕೂ ತಿಳಿವಳಿಕೆ ಬೇಕು.

ತಟ್ಟೆ ಸವೆಯುವುದು ಎಲ್ಲ ಮಣ್ಣಿನಲ್ಲೂ ಒಂದೇ ಸಮ ಅಲ್ಲ. ಸ್ಯಾನ್ ಡಿಯೇಗೋದ ಒಳನಾಡಿನ ಗುಡ್ಡಗಳು ಗ್ರಾನೈಟ್‌ನವು. ಆ ಬಂಡೆ ಸಾವಿರಾರು ವರ್ಷ ಬಿಸಿಲು ಮಳೆಗೆ ಶಿಥಿಲವಾಗಿ ಗರಸಾಗಿ ಉದುರಿ ಹೊಲದ ಮಣ್ಣಾಗಿದೆ. ಗರಸಿನಲ್ಲಿ ಬೆಣಚುಕಲ್ಲಿನ ಹರಳು ಹೇರಳ. ವಿಕರ್ಸ್ ಅಳತೆಯಲ್ಲಿ ಹದ ಹಾಕಿದ ತಟ್ಟೆಯ ಗಡಸುತನ ಸಾಮಾನ್ಯವಾಗಿ 400ರಿಂದ 500ರ ಆಸುಪಾಸು. ಬೆಣಚುಕಲ್ಲಿನದು 1000ಕ್ಕೂ ಮೇಲೆ. ಎರಡರಲ್ಲಿ ಯಾವುದು ಯಾವುದನ್ನು ತಿನ್ನುತ್ತದೆ ಎಂದು ಕೇಳಬೇಕಿಲ್ಲ. ಕೋಲಾರ, ತುಮಕೂರು, ಚಿತ್ರದುರ್ಗದ ಕೆಂಪು ಗರಸು ನೆಲದಲ್ಲಿ ಗುಳ ಎಷ್ಟು ಬೇಗ ಮೊಂಡಾಗುತ್ತದೆ ಎಂದು ಕಂಡವರಿಗೆ ಈ ಲೆಕ್ಕ ಹೊಸದಲ್ಲ. ಧಾರವಾಡದ ಎರೆಮಣ್ಣಿನಲ್ಲಿ ಕಬ್ಬಿಣ ನಿಧಾನ ಸವೆಯುತ್ತದೆ, ಆದರೆ ಹಸಿಯಿದ್ದರೆ ಮಣ್ಣು ತಟ್ಟೆಗೆ ಮೆತ್ತಿಕೊಂಡು ಉರುಳುವುದನ್ನೇ ತಡೆಯುತ್ತದೆ. ಅಲ್ಲಿ ತಟ್ಟೆಯನ್ನು ಕೆರೆಯುವ ಸ್ಕ್ರೇಪರ್ ಸರಿಯಾಗಿರಬೇಕು. ಗರಸು ನೆಲದಲ್ಲಿ ತಟ್ಟೆಯ ಅಂಚನ್ನೇ ಕಾಯಬೇಕು.

ಈ ಸವೆತಕ್ಕೆ ಒಂದು ದೊಡ್ಡ ಮದ್ದು ಸಿಕ್ಕಿದ್ದು ಅದೇ ದಕ್ಷಿಣ ಕ್ಯಾಲಿಫೋರ್ನಿಯಾದ ಲಾಸ್ ಏಂಜಲೀಸ್ ಕೌಂಟಿಯಲ್ಲಿ, ಅದೂ ರಿಪೇರಿ ಕೆಲಸದಿಂದಲೇ ಹುಟ್ಟಿದ್ದು.

1921ರ ಮಾತು. ಅದೇ ವರ್ಷದ ಜೂನ್‌ನಲ್ಲಿ ಲಾಂಗ್ ಬೀಚ್ ಬಳಿಯ ಸಿಗ್ನಲ್ ಹಿಲ್‌ನಲ್ಲಿ ಎಣ್ಣೆ ಚಿಮ್ಮಿತು. ಸ್ಯಾಂಟಾ ಫೆ ಸ್ಪ್ರಿಂಗ್ಸ್‌ನಲ್ಲೂ ಬಾವಿಗಳು ಎದ್ದವು. ಪಕ್ಕದ ವಿಟಿಯರ್ ಊರಿನಲ್ಲಿ ವಿನ್‌ಸ್ಟನ್ ಸ್ಟೂಡಿ, ಶೆಲ್ಲಿ ಸ್ಟೂಡಿ ಎಂಬ ಅಣ್ಣತಮ್ಮಂದಿರು ವೆಲ್ಡಿಂಗ್ ಕೆಲಸ ಮಾಡಿಕೊಂಡಿದ್ದರು. ಅವರ ಸುತ್ತ ಎರಡು ಲೋಕಗಳಿದ್ದವು. ಒಂದು ಕಡೆ ಕಿತ್ತಳೆ, ನಿಂಬೆ, ವಾಲ್‌ನಟ್ ತೋಟಗಳು. ಇನ್ನೊಂದು ಕಡೆ ಎಣ್ಣೆ ಬಾವಿಗಳು. ಬಾವಿ ಕೊರೆಯುವ ಬಿಟ್ಟುಗಳೂ ಮಣ್ಣು ಉಳುವ ಮೊನೆಗಳೂ ತಿರುತಿರುಗಿ ಮೊಂಡಾಗುತ್ತಿದ್ದವು. ಕಬ್ಬಿಣದ ಮೇಲೆ ಕಬ್ಬಿಣ ತುಂಬಿ ಕೊಟ್ಟರೆ ಅದೂ ಬೇಗ ಸವೆಯುತ್ತದೆ. ಸ್ಟೂಡಿ ಸೋದರರು ಉಕ್ಕಿನ ತೆಳು ಕೊಳವೆಯೊಳಗೆ ಕ್ರೋಮಿಯಂ ಇರುವ ಪುಡಿ ತುಂಬಿ ಅದನ್ನೇ ವೆಲ್ಡಿಂಗ್ ಕಡ್ಡಿ ಮಾಡಿದರು. ಕೊಳವೆ ಕರಗುವಾಗ ಪುಡಿಯೂ ಕರಗಿ ಬೆರೆಯುತ್ತದೆ. ಆರಿದ ಮೇಲೆ ಆ ಪದರದೊಳಗೆ ಕ್ರೋಮಿಯಂ ಕಾರ್ಬೈಡ್‌ನ ಹರಳುಗಳು ಕಟ್ಟಿಕೊಳ್ಳುತ್ತವೆ. ಅವು ಬೆಣಚುಕಲ್ಲಿಗಿಂತ ಗಟ್ಟಿ. 1922ರ ಸುಮಾರಿಗೆ ಕೊರೆಯುವ ಬಿಟ್ಟುಗಳ ಮೇಲೆ ಈ ಪ್ರಯೋಗ ನಡೆಯಿತು. ಇಂದು ಜಗತ್ತಿನಾದ್ಯಂತ ಹಾರ್ಡ್‌ಫೇಸಿಂಗ್ ಎಂದು ಕರೆಯುವ ಕಸುಬಿನ ವ್ಯವಸ್ಥಿತ ಆರಂಭ ಇದೇ ಎಂದು ವೆಲ್ಡಿಂಗ್ ಇತಿಹಾಸ ಬರೆದವರು ಗುರುತಿಸುತ್ತಾರೆ. ಸ್ಟೂಡಿ ಹೆಸರಿನ ಕಡ್ಡಿ ಈಗಲೂ ಮಾರುಕಟ್ಟೆಯಲ್ಲಿದೆ.

ವಿಟಿಯರ್ ಗುಡ್ಡಗಳ ಪಕ್ಕದ ಲಾ ಹಾಬ್ರಾ ಹೈಟ್ಸ್‌ನಲ್ಲೇ ರುಡಾಲ್ಫ್ ಹ್ಯಾಸ್ ಎಂಬ ಅಂಚೆಯವನು ಬೆಳೆಸಿದ ಗಿಡದಿಂದ ಇಂದು ಲೋಕವೆಲ್ಲ ತಿನ್ನುವ ಹ್ಯಾಸ್ ಬೆಣ್ಣೆಹಣ್ಣು ಬಂತು. 1935ರಲ್ಲಿ ಅದಕ್ಕೆ ಪೇಟೆಂಟ್ ಆಯಿತು. ಒಬ್ಬ ಅಂಚೆಯವ, ಇಬ್ಬರು ವೆಲ್ಡರ್‌ಗಳು. ಕೆಲಸವನ್ನು ಕೈಯಲ್ಲಿ ಹಿಡಿದು ದಿನವೂ ನೋಡುವವರಿಗೆ ಹೊಳೆಯುವುದು ಬೇರೆಯವರಿಗೆ ಹೊಳೆಯದು ಎಂಬುದಕ್ಕೆ ಆ ಒಂದೇ ಮಗ್ಗುಲಿನ ಗುಡ್ಡಸಾಲು ಎರಡು ಸಾಕ್ಷಿ ಕೊಟ್ಟಿದೆ.

ಹಾಗೆಂದು ಸ್ಟೂಡಿಯವರ ಮದ್ದು ಎಲ್ಲ ರೋಗಕ್ಕೂ ಅಲ್ಲ. ನೇಗಿಲ ಗುಳ, ಆಳ ಸೀಳುವ ಸಬ್‌ಸಾಯಿಲರ್ ಮೊನೆ, ಚಿಸೆಲ್ ಮುಂತಾದ ದಪ್ಪ ಭಾಗಗಳಿಗೆ ಅದು ಹೇಳಿ ಮಾಡಿಸಿದ್ದು. ಹ್ಯಾರೋವಿನ ತಟ್ಟೆ ತೆಳು, ಮೊದಲೇ ಹದ ಹಾಕಿದ ಉಕ್ಕು. ಅದರ ಅಂಚಿನ ಮೇಲೆ ಸುತ್ತಲೂ ವೆಲ್ಡಿಂಗ್ ಎಳೆದರೆ ತಟ್ಟೆ ಸೊಟ್ಟಗಾಗುತ್ತದೆ, ಕಾದ ಜಾಗದಲ್ಲಿ ಹದ ಕೆಡುತ್ತದೆ, ಮೊದಲ ಕಲ್ಲಿಗೇ ಚೂರು ಹಾರುತ್ತದೆ. ನಡುವಿನ ತೂತಿನ ಮೂಲೆಯಿಂದ ಹೊರಟ ಬಿರುಕನ್ನು ವೆಲ್ಡಿಂಗ್‌ನಿಂದ ಮುಚ್ಚುವುದೂ ಅಷ್ಟೆ. ಬಿರುಕು ಮುಚ್ಚಿದಂತೆ ಕಾಣುತ್ತದೆ, ಅದರ ಪಕ್ಕದಲ್ಲಿ ಇನ್ನೊಂದು ತೆರೆದುಕೊಳ್ಳುತ್ತದೆ. ಬಿರುಕು ಬಿಟ್ಟ ತಟ್ಟೆಯನ್ನು ತೆಗೆದುಹಾಕುವುದೇ ಸರಿ.

ಮೊಂಡಾದ ಆದರೆ ಗಟ್ಟಿ ಇರುವ ತಟ್ಟೆಗೆ ಎರಡು ದಾರಿಗಳಿವೆ. ಒಂದು ಸಾಣೆ. ಉಬ್ಬಿದ ಹೊರಮೈ ಕಡೆಯಿಂದ ಅಂಚನ್ನು ಇಳಿಜಾರಾಗಿ ಉಜ್ಜಬೇಕು. ಅವಸರ ಮಾಡಿ ಒಂದೇ ಕಡೆ ಒತ್ತಿ ಹಿಡಿದರೆ ಉಕ್ಕು ನೀಲಿಗಟ್ಟುತ್ತದೆ. ನೀಲಿ ಕಂಡಿತೆಂದರೆ ಅಲ್ಲಿ ಹದ ಇಳಿಯಿತೆಂದೇ ಅರ್ಥ. ಇನ್ನೊಂದು ರೋಲಿಂಗ್. ಎರಡು ಗಟ್ಟಿ ಉರುಳೆಗಳ ನಡುವೆ ತಟ್ಟೆಯ ಅಂಚನ್ನು ತಿರುಗಿಸಿ, ಕಾಯಿಸದೆ, ಒತ್ತಡದಿಂದಲೇ ತೆಳುವಾಗಿಸುವುದು. ಉಜ್ಜಿದರೆ ಉಕ್ಕು ಪುಡಿಯಾಗಿ ಹೋಗುತ್ತದೆ. ಉರುಳೆಗೆ ಕೊಟ್ಟರೆ ಅದೇ ಉಕ್ಕು ಹೊರಕ್ಕೆ ಹರಡಿಕೊಂಡು ತಟ್ಟೆ ಒಂದಿಷ್ಟು ಅಗಲವೂ ಆಗುತ್ತದೆ. ದೊಡ್ಡ ಹ್ಯಾರೋ ಇದ್ದವರು ಉರುಳೆ ಯಂತ್ರ ಇಟ್ಟುಕೊಂಡವರಿಗೆ ಕೊಟ್ಟು ಈ ಕೆಲಸ ಮಾಡಿಸುತ್ತಾರೆ. ಚಿಕ್ಕ ಹಿಡುವಳಿಯವರಿಗೆ ಗ್ರೈಂಡರೇ ಗತಿ, ತಾಳ್ಮೆಯೇ ಬಂಡವಾಳ.

ಯಾವಾಗ ಬದಲಿಸಬೇಕು? ತಟ್ಟೆ ತನ್ನ ವ್ಯಾಸದ ಸುಮಾರು ಕಾಲು ಭಾಗದಷ್ಟು ಆಳಕ್ಕೆ ಕತ್ತರಿಸುತ್ತದೆ ಎಂಬುದು ರೂಢಿಯ ಲೆಕ್ಕ. 24 ಇಂಚಿನ ತಟ್ಟೆ 6 ಇಂಚು ಇಳಿಯುತ್ತದೆ. ಸವೆದು 20 ಆದರೆ 5 ಇಂಚಿಗೆ ನಿಲ್ಲುತ್ತದೆ. ಅದಕ್ಕಿಂತ ಚಿಕ್ಕದಾದರೆ ತಟ್ಟೆಗಿಂತ ಮೊದಲು ನಡುವಿನ ಸ್ಪೂಲೇ ಮಣ್ಣಿಗೆ ತಾಗತೊಡಗುತ್ತದೆ. ಹೊಸ ಮಣ್ಣಿಗೆ ಮೊದಲು ಎದೆಕೊಡುವ ಮುಂದಿನ ಗ್ಯಾಂಗ್ ಹಿಂದಿನದಕ್ಕಿಂತ ಬೇಗ ಸವೆಯುತ್ತದೆ. ಸವೆದ ಸಾಲಿನ ನಡುವೆ ಒಂದೇ ಒಂದು ಹೊಸ ತಟ್ಟೆ ಹಾಕಿ ಕೈತೊಳೆದುಕೊಳ್ಳುವವರಿದ್ದಾರೆ. ಆ ಒಂದು ದೊಡ್ಡ ತಟ್ಟೆ ಅಕ್ಕಪಕ್ಕದವುಗಳ ಭಾರವನ್ನೂ ತಾನೇ ಹೊರುತ್ತದೆ, ಹೊಲದಲ್ಲಿ ಗಾಡಿಜಾಡಿನಂಥ ಗೆರೆ ಬಿಡುತ್ತದೆ, ಮೊದಲು ಮುರಿಯುವುದೂ ಅದೇ. ಬಲ್ಲವರು ಅಳತೆ ಮಾಡಿ ಒಂದೇ ಗಾತ್ರಕ್ಕೆ ಸವೆದವನ್ನು ಒಂದು ಗ್ಯಾಂಗಿಗೆ ಕೂಡಿಸುತ್ತಾರೆ, ಹೊಸವನ್ನು ಇನ್ನೊಂದಕ್ಕೆ.

ಹೊಸದು ತರಲು ಹೋಗುವಾಗ ವ್ಯಾಸವೊಂದೇ ಗೊತ್ತಿದ್ದರೆ ಸಾಲದು. ದಪ್ಪ ಎಷ್ಟು, ತೂತು ಚೌಕವೋ ದುಂಡೋ, ಅದರ ಅಳತೆ ಏನು, ತಟ್ಟೆಯ ಬಾಗು ಎಷ್ಟು ಎಂದೂ ಹೇಳಬೇಕು. ಬಾಗು ಅಳೆಯುವುದು ಸುಲಭ. ತಟ್ಟೆಯನ್ನು ಬಾಯಿ ಮೇಲಾಗಿ ಇಟ್ಟು, ಅಂಚಿನಿಂದ ಅಂಚಿಗೆ ನೇರ ಪಟ್ಟಿಯೊಂದನ್ನು ಅಡ್ಡ ಇಟ್ಟು, ನಡುವಿನ ಆಳ ನೋಡಿದರಾಯಿತು. ಬಾಗು ಹೊಂದದಿದ್ದರೆ ಸ್ಪೂಲಿನ ಮುಖ ತಟ್ಟೆಯ ಬೆನ್ನಿಗೆ ಪೂರ್ತಿ ಕೂರುವುದಿಲ್ಲ. ಸ್ಪೂಲಿನ ಒಂದು ಮುಖ ಉಬ್ಬು, ಇನ್ನೊಂದು ತಗ್ಗು. ಕತ್ತಲಲ್ಲಿ ಜೋಡಿಸುವಾಗ ಅದನ್ನು ಹಿಂದುಮುಂದು ಮಾಡಿದರೂ ಇದೇ ಪಾಡು: ಕಣ್ಣಿಗೆ ಕಾಣದ ಸಂದು, ಸಂದಿನಲ್ಲಿ ಅಲುಗಾಟ, ಅಲುಗಾಟದಿಂದ ಬಿರುಕು.

ಇಲ್ಲಿಗೆ ವಿಷಯ ತಟ್ಟೆಯಿಂದ ಅಚ್ಚಿಗೆ ಬಂತು. ತಟ್ಟೆ ಸವೆಯುವುದು ಮಣ್ಣಿನಿಂದ, ಅದನ್ನು ತಡೆಯಲಾಗದು. ಅಚ್ಚು ಹಾಳಾಗುವುದು ಬಹುಮಟ್ಟಿಗೆ ಅಲಕ್ಷ್ಯದಿಂದ, ಅದನ್ನು ತಡೆಯಬಹುದು.

ತುದಿಯ ನಟ್ಟಿನ ಕೆಲಸ ತಟ್ಟೆಗಳು ಉದುರದಂತೆ ಹಿಡಿಯುವುದಷ್ಟೇ ಅಲ್ಲ. ನಟ್ಟು ಬಿಗಿಯುತ್ತ ಹೋದಾಗ ಅಚ್ಚು ಕೂದಲೆಳೆಯಷ್ಟು ಉದ್ದಕ್ಕೆ ಎಳೆದುಕೊಳ್ಳುತ್ತದೆ. ಮತ್ತೆ ಕುಗ್ಗಬೇಕೆಂಬ ಅದರ ಸೆಳೆತವೇ ತಟ್ಟೆ, ಸ್ಪೂಲು, ಬೇರಿಂಗುಗಳನ್ನೆಲ್ಲ ಅದುಮಿ ಹಿಡಿದು ಒಂದೇ ದೇಹ ಮಾಡುತ್ತದೆ. ಅಷ್ಟು ಸೆಳೆತ ಬರಬೇಕಾದರೆ ಕೈಸ್ಪ್ಯಾನರ್ ಸಾಲದು. ದೊಡ್ಡ ಸಾಕೆಟ್, ಅದರ ಹಿಡಿಗೆ ಉದ್ದನೆಯ ಪೈಪು, ಪೈಪಿನ ತುದಿಗೆ ಒಬ್ಬರ ಇಡೀ ಮೈಭಾರ; ನಡುನಡುವೆ ಭಾರದ ಸುತ್ತಿಗೆಯಿಂದ ತಟ್ಟೆಗಳನ್ನು ಬಡಿದು ಕೂರಿಸಿ, ಮತ್ತೆ ಬಿಗಿಯಬೇಕು. ಹೀಗೆ ಬಿಗಿದದ್ದೂ ಮೊದಲ ಕೆಲವು ಗಂಟೆ ಉತ್ತ ಮೇಲೆ ಸಡಿಲಗೊಳ್ಳುತ್ತದೆ. ಬಣ್ಣದ ಪದರ, ತುಕ್ಕು, ಸ್ಪೂಲಿನ ಮುಖದ ಸಣ್ಣ ಗಂಟುಗಳು ಅರೆದುಹೋಗಿ ಅಷ್ಟು ಜಾಗ ಖಾಲಿಯಾಗುವುದೇ ಕಾರಣ. ಆಗ ಮತ್ತೊಮ್ಮೆ ಬಿಗಿಯಲೇಬೇಕು. ಈ ಎರಡನೆಯ ಬಿಗಿತವನ್ನು ಬಿಟ್ಟವರೇ ಹೆಚ್ಚಾಗಿ ಅಚ್ಚು ಮುರಿದುಕೊಳ್ಳುವವರು.

ಸಡಿಲಾದ ಅಚ್ಚಿನ ಗತಿ ಹೀಗೆ. ತಟ್ಟೆ ಪ್ರತಿ ಸುತ್ತಿಗೂ ಒಮ್ಮೆ ಆಚೆ ಒಮ್ಮೆ ಈಚೆ ಅಲ್ಲಾಡುತ್ತದೆ. ಚೌಕ ತೂತಿನ ಮೂಲೆಗಳು ಸವೆದು ದುಂಡಗಾಗುತ್ತವೆ. ಅಚ್ಚಿನ ಮೇಲೆ ತಟ್ಟೆ ಕೂತ ಕಡೆ ಗೀರು ಬೀಳುತ್ತದೆ, ಗೀರು ತಗ್ಗಾಗುತ್ತದೆ, ಒಂದು ದಿನ ಅಲ್ಲೇ ಎರಡು ತುಂಡು. ಮುರಿದ ಮುಖವನ್ನು ಒರೆಸಿ ಬೆಳಕಿಗೆ ಹಿಡಿದರೆ ಅದರ ಚರಿತ್ರೆಯೆಲ್ಲ ಅಲ್ಲಿರುತ್ತದೆ. ಒಂದು ಬದಿಯಲ್ಲಿ ನಯವಾಗಿ, ಕಪ್ಪಾಗಿ, ದಡಕ್ಕೆ ಬಡಿದ ನೀರಿನ ಗುರುತಿನ ಹಾಗೆ ಬಾಗಿದ ಗೆರೆಗಳು: ಅದು ದಿನದಿನವೂ ಇಷ್ಟಿಷ್ಟೇ ಒಳಹೊಕ್ಕ ಬಿರುಕು. ಇನ್ನೊಂದು ಬದಿಯಲ್ಲಿ ಹರಳುಹರಳಾಗಿ ಹೊಳೆಯುವ ಬೂದುಬಣ್ಣ: ಅದು ಕೊನೆಯ ಗಳಿಗೆಯಲ್ಲಿ ಒಮ್ಮೆಲೇ ಹರಿದ ಭಾಗ. ಕಪ್ಪು ಭಾಗ ಹೆಚ್ಚಿದ್ದರೆ ಅಚ್ಚು ಬಹಳ ದಿನದಿಂದ ಸಂಕಟದಲ್ಲಿತ್ತು. ಹೊಳೆಯುವ ಭಾಗವೇ ಹೆಚ್ಚಿದ್ದರೆ ದೊಡ್ಡ ಕಲ್ಲೋ ಬೇರೋ ಒಂದೇಟಿಗೆ ಮುರಿದಿದೆ. ಮುರಿದ ಅಚ್ಚನ್ನು ಗುಜರಿಗೆ ಎಸೆಯುವ ಮುಂಚೆ ಇಷ್ಟು ಓದಿಕೊಂಡರೆ ಮುಂದಿನದು ಉಳಿಯುತ್ತದೆ.

ತಗ್ಗುಬಿದ್ದ ಅಚ್ಚಿನ ಮೇಲೆ ವೆಲ್ಡಿಂಗ್ ತುಂಬಿ ಉಜ್ಜಿ ಮತ್ತೆ ಚೌಕ ಮಾಡಬಹುದು. ಆದರೆ ಅಚ್ಚಿನ ಉಕ್ಕಿನಲ್ಲಿ ಇಂಗಾಲ ಹೆಚ್ಚು. ತಣ್ಣಗಿರುವಾಗಲೇ ವೆಲ್ಡ್ ಮಾಡಿದರೆ ಬೆಸುಗೆಯ ಅಂಚಿನ ಪಟ್ಟಿ ಗಾಜಿನಷ್ಟು ಪೆಡಸಾಗುತ್ತದೆ. ಮೊದಲು ಸುಮಾರು 150ರಿಂದ 250 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ವೆಲ್ಡ್ ಮಾಡಿ, ಒಣ ಮರಳಿನಲ್ಲೋ ಸುಣ್ಣದ ಪುಡಿಯಲ್ಲೋ ಹೂತು ನಿಧಾನ ಆರಲು ಬಿಡಬೇಕು. ಇದಕ್ಕಿಂತ ಭರವಸೆಯ ದಾರಿ ಹೊಸ ಅಚ್ಚನ್ನೇ ಮಾಡಿಸುವುದು. ತಕ್ಕ ಉಕ್ಕಿನ ಚೌಕ ಸರಳು ತಂದು, ಹಳೆಯದರ ಉದ್ದಕ್ಕೆ ಕತ್ತರಿಸಿ, ಲೇತ್‌ನಲ್ಲಿ ತುದಿಗಳನ್ನು ದುಂಡು ಮಾಡಿ ನಟ್ಟಿಗೆ ಮರೆ ಕೊರೆಸಬೇಕು. ಅಗ್ಗವೆಂದು ಮೆದು ಕಬ್ಬಿಣದ ಸರಳು ತಂದರೆ ಅದು ನಟ್ಟಿನ ಸೆಳೆತಕ್ಕೆ ಮಣಿದು ಉದ್ದವಾಗುತ್ತಲೇ ಹೋಗುತ್ತದೆ; ಎಷ್ಟು ಬಿಗಿದರೂ ಬಿಗಿತ ನಿಲ್ಲುವುದಿಲ್ಲ.

ಬೇರಿಂಗಿನದು ಇನ್ನೊಂದು ಕಥೆ. ಹಳೆಯ ಹ್ಯಾರೋಗಳಲ್ಲಿ ಮರದ ಬೇರಿಂಗ್ ಇರುತ್ತಿತ್ತು: ಗಟ್ಟಿ ಮೇಪಲ್ ಮರದ ತುಂಡುಗಳನ್ನು ಎಣ್ಣೆಯಲ್ಲಿ ಕುದಿಸಿ, ಎಣ್ಣೆ ಕುಡಿಸಿ, ಕೊರೆದು ಮಾಡಿದವು. ದೂಳಿನ ನಡುವೆ ಉಕ್ಕಿನ ಗುಂಡುಗಳು ಹಾಳಾಗುವ ಕಡೆಯೂ ಮರ ತಾಳುತ್ತದೆ, ಮರಳಿನ ಕಣ ಅದರೊಳಗೆ ಹೂತುಕೊಂಡು ಅಚ್ಚಿನ ದಾರಿಯಿಂದ ಸರಿಯುತ್ತದೆ, ಸವೆದರೆ ರೈತನೇ ಇನ್ನೊಂದು ಕೊರೆದು ಹಾಕಬಹುದು. ಈಗಿನವು ಮುಚ್ಚಿದ ಬಾಲ್ ಬೇರಿಂಗುಗಳು. ಚೆನ್ನಾಗಿರುವವರೆಗೆ ಬಹಳ ಚೆನ್ನ, ಸೀಲು ಹರಿದ ಮೇಲೆ ಹೆಚ್ಚು ದಿನ ಇಲ್ಲ. ಹಳೆಯ ಹ್ಯಾರೋ ಕೊಂಡವರಿಗೆ ಮರದ ಬೇರಿಂಗ್ ಸಿಕ್ಕಿದರೆ ಅದನ್ನು ಹಳತೆಂದು ಕಿತ್ತೊಗೆಯುವ ಮುನ್ನ ಎರಡು ಸಲ ಯೋಚಿಸಬೇಕು.

ಇಷ್ಟೆಲ್ಲ ತಿಳಿವಳಿಕೆ ಒಂದು ಕಾಲಕ್ಕೆ ಲಾಸ್ ಏಂಜಲೀಸ್‌ನ ಬೀದಿಬೀದಿಯಲ್ಲಿತ್ತು. 20ನೇ ಶತಮಾನದ ಮೊದಲ ಅರ್ಧದ ಬಹುಪಾಲು ಇಡೀ ಅಮೆರಿಕದಲ್ಲಿ ಕೃಷಿ ಉತ್ಪನ್ನದ ಮೌಲ್ಯದಲ್ಲಿ ಮೊದಲ ಸ್ಥಾನದಲ್ಲಿದ್ದದ್ದು ಈ ಕೌಂಟಿ. 1928ರಲ್ಲಿ ವಿಮಾನ ನಿಲ್ದಾಣಕ್ಕೆಂದು ನಗರ ಹಿಡಿದ 640 ಎಕರೆ ಗೋಧಿ, ಬಾರ್ಲಿ, ಲೈಮಾ ಅವರೆಯ ಬಯಲಾಗಿತ್ತು. ಗಟ್ಟಿ ನೆಲ ಸೀಳುವ ಉಪಕರಣಗಳಿಗೆ ಹೆಸರಾದ ಲಾಸ್ ಏಂಜಲೀಸ್‌ನ ಕಿಲೆಫರ್ ಕಾರ್ಖಾನೆಯನ್ನು 1937ರಲ್ಲಿ ಜಾನ್ ಡೀರ್ ಕೊಂಡುಕೊಂಡಿತು. ಪಕ್ಕದ ಸ್ಯಾಂಟಾ ಆನಾದಲ್ಲಿ ಟೌನರ್ ಎಂಬ ಕಂಪನಿ ಆಫ್‌ಸೆಟ್ ಹ್ಯಾರೋಗಳನ್ನು ಮಾಡುತ್ತಿತ್ತು. ಮುಂದಿನ ಗ್ಯಾಂಗ್ ಮಣ್ಣನ್ನು ಒಂದು ಬದಿಗೆ, ಹಿಂದಿನದು ಇನ್ನೊಂದು ಬದಿಗೆ ಎಸೆಯುವ ಈ ಬಗೆಯ ಹ್ಯಾರೋವನ್ನು ಟ್ರ್ಯಾಕ್ಟರಿನ ನೇರಕ್ಕಲ್ಲದೆ ಪಕ್ಕಕ್ಕೆ ಸರಿಸಿ ಎಳೆಯಬಹುದು. ಕಿತ್ತಳೆ ಮರದ ಕೊಂಬೆಗಳು ನೆಲಕ್ಕೆ ಬಾಗಿರುವ ತೋಟದಲ್ಲಿ ಟ್ರ್ಯಾಕ್ಟರು ಸಾಲಿನ ನಡುವೆಯೇ ಇದ್ದು ಹ್ಯಾರೋ ಮಾತ್ರ ಕೊಂಬೆಯಡಿಗೆ ಹೋಗಿಬರುತ್ತಿತ್ತು. 1947ರಲ್ಲಿ ವುಡ್‌ಲ್ಯಾಂಡ್ ಹಿಲ್ಸ್‌ನಲ್ಲಿ ತೆರೆದ ಪಿಯರ್ಸ್ ಕಾಲೇಜು ಶುರುವಾದದ್ದೇ ಕೃಷಿ ಶಾಲೆಯಾಗಿ.

ಆ ತೋಟಗಳಲ್ಲಿ ಹ್ಯಾರೋ ಹಿಂದೆ ಸರಿದದ್ದೂ ತಿಳಿವಳಿಕೆಯಿಂದಲೇ. ವರ್ಷವರ್ಷವೂ ಅದೇ ಆಳಕ್ಕೆ ತಟ್ಟೆ ಓಡಿದಾಗ ಮೇಲಿನ ನವುರು ಬೇರುಗಳು ಕತ್ತರಿಸಿಹೋಗುತ್ತಿದ್ದವು, ತಟ್ಟೆಯ ಕೆಳಗಿನ ಮಣ್ಣು ಕಲ್ಲಿನಂತೆ ಬಿಗಿದು ನೀರು ಇಂಗುತ್ತಿರಲಿಲ್ಲ. 1940ರ ದಶಕದಿಂದ ದಕ್ಷಿಣ ಕ್ಯಾಲಿಫೋರ್ನಿಯಾದ ಅನೇಕ ಬೆಳೆಗಾರರು ಉಳುಮೆ ಬಿಟ್ಟು ಎಣ್ಣೆ ಸಿಂಪಡಿಸಿ ಕಳೆ ಹತೋಟಿ ಮಾಡತೊಡಗಿದರು. ಹ್ಯಾರೋವನ್ನು ಪ್ರೀತಿಸುವವರೂ ಇದನ್ನು ಒಪ್ಪಬೇಕು. ಚೂಪಾದ ತಟ್ಟೆ ಎಲ್ಲಿ ಓಡಬೇಕು ಎಂಬುದರಷ್ಟೇ ಎಲ್ಲಿ ಓಡಬಾರದು ಎಂಬುದೂ ತಿಳಿದಿರಬೇಕು.

ಕನ್ನಡ ನಾಡಿನಲ್ಲಿ ಈ ಕಸುಬಿನ ಬೇರು ಊರ ಕುಲುಮೆಯಲ್ಲಿದೆ. ಗುಳ ಮೊಂಡಾದರೆ ಕಮ್ಮಾರನ ಬಳಿ ಒಯ್ದು ಕಾಯಿಸಿ ಬಡಿಸಿ ಹದ ಹಾಕಿಸಿಕೊಂಡು ಬರುವುದು, ಸುಗ್ಗಿಯಲ್ಲಿ ಕಣದಲ್ಲೇ ಅವನ ಆಯ ಅಳೆದು ಕೊಡುವುದು. ಕಮ್ಮಾರ ಹೊಲಕ್ಕೆ ಹೋಗದೆಯೂ ಯಾರ ಹೊಲದಲ್ಲಿ ಯಾವ ಮಣ್ಣಿದೆ ಎಂದು ಗುಳ ನೋಡಿ ಹೇಳಬಲ್ಲವನಾಗಿದ್ದ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟುಕೊಂಡಿದ್ದವರು. 1903ರ ಹೊತ್ತಿಗೆ ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆಂದು ರೈತರು ಹಿಂಜರಿದರು. ಆ ಅನುಮಾನ ಕರಗಲು ವರ್ಷಗಳೇ ಹಿಡಿದವು. 1910ರಲ್ಲಿ ಕಾರ್ಖಾನೆ ಔಂಧ್ ಸಂಸ್ಥಾನಕ್ಕೆ ಹೋಗಿ ಕಿರ್ಲೋಸ್ಕರವಾಡಿ ಬೆಳೆಯಿತು. ಸೈಕಲ್ ಬಿಚ್ಚಿ ಜೋಡಿಸುತ್ತಿದ್ದ ಕೈ ನೇಗಿಲಿಗೆ ಹೋಯಿತು. ವಿಟಿಯರ್‌ನ ವೆಲ್ಡರ್‌ಗಳ ದಾರಿಯೂ ಇದೇ ಬಗೆಯದು.

ಇಂದು ಕರ್ನಾಟಕದ ಸಣ್ಣ ರೈತನಿಗೆ ಹ್ಯಾರೋ ಸಿಗುವುದು ಬಹುಮಟ್ಟಿಗೆ ಬಾಡಿಗೆಗೆ. 2014-15ರಲ್ಲಿ ಶುರುವಾದ ಕೃಷಿ ಯಂತ್ರಧಾರೆ ಕೇಂದ್ರಗಳು ಹೋಬಳಿ ಮಟ್ಟದಲ್ಲಿ ಯಂತ್ರ ಕೊಡುತ್ತವೆ. ಇದು ಒಳ್ಳೆಯ ಏರ್ಪಾಡು. ಆದರೆ ಹತ್ತು ಹೊಲ ಸುತ್ತುವ ಯಂತ್ರದ ನಟ್ಟು ಯಾರ ಜವಾಬ್ದಾರಿ? ಕೊಡುವಾಗ ಒಮ್ಮೆ, ಮರಳಿ ಬಂದಾಗ ಒಮ್ಮೆ ತಟ್ಟೆಗಳನ್ನು ಸುತ್ತಿಗೆಯಿಂದ ಬಡಿದು ನೋಡಿ, ಪೈಪು ಹಾಕಿ ನಟ್ಟು ಬಿಗಿಯುವುದನ್ನು ಪ್ರತಿ ಕೇಂದ್ರವೂ ಕಡ್ಡಾಯ ಮಾಡಿಕೊಂಡರೆ ಅಚ್ಚುಗಳು ಉಳಿಯುತ್ತವೆ, ಹದ ತಪ್ಪುವುದು ನಿಲ್ಲುತ್ತದೆ. ಅದಕ್ಕೆ ಬೇಕಾದ್ದು ಕೆಲವೇ ನಿಮಿಷ, ಒಂದು ಸಾಕೆಟ್, ಒಂದು ಪೈಪು.

ರಿಪೇರಿಯನ್ನು ರೈತನ ಕೈಯಿಂದ ಕಿತ್ತುಕೊಳ್ಳಬಾರದೆಂಬ ಹೋರಾಟ ಅಮೆರಿಕದಲ್ಲಿ ನಡೆದಿದೆ. ಹೊಸ ಟ್ರ್ಯಾಕ್ಟರುಗಳ ಒಳಗೆ ಸಾಫ್ಟ್‌ವೇರ್ ಕೂತಿದೆ. ಕೆಟ್ಟರೆ ಡೀಲರ್ ಬಂದು ಕಂಪ್ಯೂಟರ್ ಜೋಡಿಸದೆ ಎಷ್ಟೋ ಸಲ ಮುಂದೆ ಹೋಗಲಾಗದು. ಕೃಷಿ ಯಂತ್ರವನ್ನು ತಾನೇ ದುರಸ್ತಿ ಮಾಡಿಕೊಳ್ಳುವ ರೈತನ ಹಕ್ಕಿಗೆ 2023ರಲ್ಲಿ ಮೊದಲು ಕಾನೂನು ಮಾಡಿದ ರಾಜ್ಯ ಕೊಲರಾಡೋ. ಡಿಸ್ಕ್ ಹ್ಯಾರೋವಿನ ಮಟ್ಟಿಗೆ ಆ ತೊಡಕಿಲ್ಲ. ಅದರಲ್ಲಿ ಮುಚ್ಚಿಟ್ಟದ್ದು ಏನೂ ಇಲ್ಲ. ಕಲಿಯುವ ಮನಸ್ಸಿದ್ದವರಿಗೆ ಅದು ಪೂರ್ತಿ ತೆರೆದುಕೊಳ್ಳುತ್ತದೆ. ಸ್ಯಾನ್ ಡಿಯೇಗೋ ಕೌಂಟಿಯ ವಿಸ್ಟಾದಲ್ಲಿ 1976ರಲ್ಲಿ ಶುರುವಾದ ಆಂಟೀಕ್ ಗ್ಯಾಸ್ ಅಂಡ್ ಸ್ಟೀಮ್ ಎಂಜಿನ್ ಮ್ಯೂಸಿಯಂ ಇಂಥ ಯಂತ್ರಗಳನ್ನು ಗಾಜಿನ ಹಿಂದೆ ಇಟ್ಟಿಲ್ಲ. ಸುಮಾರು 55 ಎಕರೆಯ ಆ ಜಾಗದಲ್ಲಿ ಹಳೆಯ ಟ್ರ್ಯಾಕ್ಟರುಗಳು ಓಡುತ್ತವೆ, ಕುಲುಮೆ ಉರಿಯುತ್ತದೆ, ಕಮ್ಮಾರಿಕೆ ಕಲಿಸುತ್ತಾರೆ, ಜೂನ್ ಮತ್ತು ಅಕ್ಟೋಬರ್ ಮೇಳಗಳಲ್ಲಿ ಒಕ್ಕಣೆ ನಡೆಯುತ್ತದೆ. ಮಕ್ಕಳ ಮನೆಗೆಂದು ಬಂದ, ಹೊಲ ಉತ್ತು ಗೊತ್ತಿರುವ ಕನ್ನಡದ ಹಿರಿಯರಿಗೆ ಸ್ಯಾನ್ ಡಿಯೇಗೋದಲ್ಲಿ ತೋರಿಸಬೇಕಾದ ಮೊದಲ ಜಾಗ ಇದು. ಕಡಲತೀರ ಆಮೇಲೆ ನೋಡಿದರಾಯಿತು.

ಆ ಸೀಮೆಯಲ್ಲಿ ಗ್ರೈಂಡರ್ ಹಿಡಿಯುವವರು ಒಂದು ಮಾತು ಮರೆಯುವಂತಿಲ್ಲ. 2007ರ ಜುಲೈ 4ರಂದು ಲಾಸ್ ಏಂಜಲೀಸ್‌ನ ವಾಯವ್ಯಕ್ಕಿರುವ ಸ್ಯಾಂಟಾ ಬಾರ್ಬರಾ ಕೌಂಟಿಯ ಜಮೀನೊಂದರಲ್ಲಿ ನೀರಿನ ಪೈಪು ರಿಪೇರಿ ಮಾಡುವಾಗ ಗ್ರೈಂಡರಿನ ಕಿಡಿ ಒಣಹುಲ್ಲಿಗೆ ಬಿತ್ತು. ಝಾಕಾ ಬೆಂಕಿ ಎಂದು ಹೆಸರಾದ ಅದು ಆರುವಷ್ಟರಲ್ಲಿ 2,40,000 ಎಕರೆ ಸುಟ್ಟಿತ್ತು. ಹಾಗಾಗಿ ಸಾಣೆ, ವೆಲ್ಡಿಂಗ್ ಎರಡನ್ನೂ ಹುಲ್ಲು ಹಸಿರಿರುವಾಗ, ಇಲ್ಲವೇ ಕಾಂಕ್ರೀಟ್ ನೆಲದ ಮೇಲೆ ಮುಗಿಸಬೇಕು. ಹೊರಗೆ ಮಾಡಲೇಬೇಕಾದರೆ ಸುತ್ತ 10 ಅಡಿ ನೆಲ ಬರಿದು ಮಾಡಿ, ಸಲಿಕೆಯನ್ನೂ ಬೆಂಕಿ ಆರಿಸುವ ಸಿಲಿಂಡರನ್ನೂ ಕೈಗೆಟಕುವಂತೆ ಇಟ್ಟುಕೊಳ್ಳಬೇಕು. ಇಂಥ ಬೆಂಕಿಯನ್ನು ತಡೆಯಲು ಹೊಲದ ಅಂಚಿನಲ್ಲಿ ಹುಲ್ಲನ್ನು ಮಣ್ಣಿಗೆ ಮಗುಚಿ ಬರಿನೆಲದ ಪಟ್ಟಿ ತೆಗೆಯುವುದೂ ಹ್ಯಾರೋ ಕೆಲಸವೇ. ಮೊಂಡು ತಟ್ಟೆ ಹುಲ್ಲನ್ನು ಅದುಮಿ ಮೇಲೆಯೇ ಬಿಡುತ್ತದೆ, ಚೂಪು ತಟ್ಟೆ ಮುಚ್ಚುತ್ತದೆ. ಬೇಸಿಗೆಗೆ ಮುನ್ನ ತಟ್ಟೆ ಸರಿಮಾಡಿಕೊಳ್ಳುವುದು ಅಲ್ಲಿ ಮನೆ ಉಳಿಸಿಕೊಳ್ಳುವ ಕೆಲಸವೂ ಹೌದು.

ಇನ್ನು ಯಾವ ರಿಪೇರಿಗೂ ಒಗ್ಗದಷ್ಟು ಸವೆದ ತಟ್ಟೆ. ಉತ್ತರ ಮೆಕ್ಸಿಕೋದಲ್ಲಿ ಅದಕ್ಕೊಂದು ಹಳೆಯ ಉಪಯೋಗವಿದೆ. ನಡುವಿನ ತೂತು ಮುಚ್ಚಿ ಬೆಸೆದು, ಬಣ್ಣ ತುಕ್ಕೆಲ್ಲ ಉಜ್ಜಿ ತೆಗೆದು, ಎಣ್ಣೆ ಸವರಿ ಕಾಯಿಸಿ ಪಳಗಿಸಿ, ಬೆಂಕಿಯ ಮೇಲಿಟ್ಟು ಮಾಂಸ, ಈರುಳ್ಳಿ, ಮೆಣಸಿನಕಾಯಿ, ಟೊಮೆಟೊ ಹುರಿಯುತ್ತಾರೆ. ಆ ಅಡುಗೆಗೆ ಡಿಸ್ಕಾಡಾ ಎಂದು ಹೆಸರು. ಗಡಿ ದಾಟಿ ಬಂದು ದುಡಿಯುವ ಕೂಲಿಕಾರರ ಜೊತೆ ಅದು ಅಮೆರಿಕದ ನೈಋತ್ಯ ಸೀಮೆಯಲ್ಲೂ ಹಬ್ಬಿದೆ. ಸಾಮಾನ್ಯ ಬಾಣಲೆಗಿಂತ ತಟ್ಟೆ ದಪ್ಪವಿರುವುದರಿಂದ ಬಿಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಬೆಂದದ್ದನ್ನು ಇಳಿಜಾರಿನ ಅಂಚಿಗೆ ತಳ್ಳಿ ನಡುವೆ ಮುಂದಿನದನ್ನು ಹಾಕಬಹುದು. ಇದಕ್ಕೆ ಹೊಸ ತಟ್ಟೆಗಿಂತ ಸವೆದದ್ದೇ ಮೇಲು ಎನ್ನುವವರಿದ್ದಾರೆ: ಅದರ ಒಳಮೈ ಮಣ್ಣಿನಲ್ಲಿ ಉಜ್ಜಿ ಉಜ್ಜಿ ಆಗಲೇ ನುಣುಪಾಗಿರುತ್ತದೆ.